ಅಪ್ಪನ ಏಕಾದಶಿ ಮಾತ್ರೆ

ಸಕ್ಕರೆ ಕಾಯಿಲೆಗೆ ಸೂಜಿ ಬೇಡ, ಮಾತ್ರೆ ಸಾಕು ಎಂಬ ಹೊಸ ಔಷಧಿ ಮೈಸೂರಿಗೆ ಬಂದಾಗ ಮೊದಮೊದಲು ನುಂಗಿದವರಲ್ಲಿ ಅರಮನೆ ಗುಮಾಸ್ತರಾಗಿದ್ದ ನಮ್ಮಪ್ಪನೂ ಒಬ್ಬರು. ಊಟಕ್ಕೆ ಮುಂಚೆ ನುಂಗಿ ಎಂದಿದ್ದರು ಡಾಕ್ಟರು. ಏಕಾದಶಿ ದಿನ ಊಟವೇ ಇಲ್ಲ. ಔಷಧಿಯಿಂದ ಉಪವಾಸ ಕೆಡುವುದಿಲ್ಲವೆಂದು ಅಪ್ಪನೇ ತೀರ್ಮಾನಿಸಿ, ಬರೀ ಮಾತ್ರೆ ನುಂಗಿ ಪೂಜೆಗೆ ಕೂತರು. ಮಂಗಳಾರತಿ ಹೊತ್ತಿಗೆ ಮೈಯೆಲ್ಲ ಬೆವರು, ಕೈ ಗಡಗಡ, ಮಾತು ತೊದಲು.

"ಎಂಥಾ ಭಕ್ತಿ ಕಣ್ರೀ!" ಎಂದು ಅಕ್ಕಪಕ್ಕದವರು ಅವರ ಕಾಲಿಗೆ ಬಿದ್ದರು. ದಡ್ಡ ನಾನೂ ಬಿದ್ದೆ. ಅಮ್ಮನೊಬ್ಬಳೇ ಓಡಿಹೋಗಿ ಡಾಕ್ಟರನ್ನು ಕರೆತಂದಳು. ಅವರು ನೈವೇದ್ಯದ ಸಕ್ಕರೆಯನ್ನೇ ನೀರಿಗೆ ಕದಡಿ ಕುಡಿಸಿದರು. "ಹೊಟ್ಟೆಗೆ ಹಾಕದೆ ಇದನ್ನ ನುಂಗಿದರೆ ರಕ್ತದಲ್ಲಿರೋ ಸಕ್ಕರೆ ಪಾತಾಳಕ್ಕೆ ಇಳಿಯುತ್ತೆ. ಭಕ್ತಿಯಂತೆ ಭಕ್ತಿ!" ಎಂದು ಎಲ್ಲರನ್ನೂ ಬೈದು ಹೋದರು.

ಮುಂದಿನ ಏಕಾದಶಿಗೆ ಅಮ್ಮ ಮಾತ್ರೆಯ ಬೆನ್ನಿಗೇ ಉಪ್ಪಿಟ್ಟು ತಿನ್ನಿಸಿದಳು. ಬೀದಿಗೆ ಬೀದಿಯೇ ನೋಡಲು ಬಂತು. ಅಪ್ಪ ಗುಂಡುಕಲ್ಲಿನ ಹಾಗೆ ಕೂತು ಪೂಜೆ ಮುಗಿಸಿದರು. "ಭಕ್ತಿ ಕಮ್ಮಿಯಾಗೋಯ್ತು ಬುಡಿ" ಎಂದು ಜನ ಎದ್ದು ನಡೆದರು.

ಅದರ ಮುಂದಿನ ಏಕಾದಶಿ ಬೆಳಿಗ್ಗೆ ಅಪ್ಪ ತಟ್ಟೆಯನ್ನು ಪಕ್ಕಕ್ಕೆ ತಳ್ಳಿ, ಅಮ್ಮನಿಗೆ ಮೆಲ್ಲಗೆ ಹೇಳಿದರು: "ಉಪ್ಪಿಟ್ಟು ಬೇಡ ಕಣೇ. ಮಾತ್ರೆ ಒಂದೇ ಸಾಕು."