ಮಫ್ಲರ್ ಅಂಗಡಿಯ ಸಿಡುಕಪ್ಪ
ಗಂಡಸರು ಬಂದು ‘ಯಾವುದಾದ್ರೂ ಒಂದು ಮಫ್ಲರ್ ಕೊಡಿ’ ಎಂದರೆ ಅಂಗಡಿಯ ಸಿಡುಕಪ್ಪನಿಗೆ ಮೈಯೆಲ್ಲ ಉರಿಯುತ್ತದೆ. “ಯಾವುದಾದ್ರೂ ಅನ್ನೋ ಬಣ್ಣ ನನ್ನ ಹತ್ರ ಇಲ್ಲ ಸ್ವಾಮಿ! ಬೂದು ಕೋಟಿಗೆ ಬೂದು ಮಫ್ಲರ್ ಸುತ್ಕೊಂಡು ಗೋಡೆ ಆಗ್ತೀರಾ?” ಹಲ್ಲುನೋವಿನವರಂತೆ ಕಿವಿಗೆ ಬಿಗಿದುಕೊಂಡವರನ್ನು ಬೀದಿಯಲ್ಲೇ ತಡೆದು, ಬಿಚ್ಚಿಸಿ, ಎರಡಾಗಿ ಮಡಿಸಿ, ಕುಣಿಕೆಯೊಳಗೆ ತುದಿ ತೂರಿಸಿ, ಸಡಿಲ ಬಿಟ್ಟು, “ಇದು ಕತ್ತು ರೀ, ಮೂಟೆ ಬಾಯಲ್ಲ!” ಎಂದು ಗದರಿ ಕಳಿಸುತ್ತಾನೆ. ಮೊನ್ನೆ ಅಂಗಡಿಗೆ ಬಂದು ‘ಯಾವುದಾದ್ರೂ ಕೊಡಿ’ ಎಂದ ಮುದುಕರೊಬ್ಬರ ಮೇಲೂ ಹಾಗೇ ರೇಗಿದ. ಅವರು ತಲೆ ತಗ್ಗಿಸಿ, “ನನ್ನವಳು ಇರೋವರೆಗೂ ಅವಳೇ ಆರಿಸ್ತಿದ್ಲಪ್ಪ. ಯಾವುದು ಒಪ್ಪುತ್ತೋ ನನಗೇ ಗೊತ್ತಿಲ್ಲ” ಎಂದರು. ಸಿಡುಕಪ್ಪ ಕಪಾಟಿನಲ್ಲಿದ್ದುದನ್ನೆಲ್ಲ ಇಳಿಸಿ, ಒಂದೊಂದನ್ನೇ ಅವರ ಕತ್ತಿಗೆ ಹಿಡಿದು ನೋಡಿ, ಕೊನೆಗೆ ಕಡುಗೆಂಪಿನದನ್ನು ಸುತ್ತಿದ. “ನೆಲ ಯಾಕೆ ನೋಡ್ತೀರಿ ಯಜಮಾನ್ರೇ, ಕನ್ನಡಿ ನೋಡಿ!” ಎಂದು, ಅವರು ತಲೆಯೆತ್ತುವವರೆಗೂ ಗದರುತ್ತಲೇ ನಿಂತ.