ಬೆಳಕಿಗೆ ಬೆನ್ನು ಮಾಡಿದ ಮರಿಗಳು

ಇಂಥ ಅನುಭವಗಳನ್ನು ಬೇರೆಯವರು ಬರೆದಾಗ ಓದಿ ಪಕ್ಕಕ್ಕಿಡುತ್ತಿದ್ದೆ. ಅವರು ಏನನ್ನೋ ಸರಿಯಾಗಿ ನೋಡಿರಲಿಕ್ಕಿಲ್ಲ ಎನ್ನುವುದು ನನ್ನ ತೀರ್ಮಾನ. ನನ್ನ ಬಗ್ಗೆ ನೀವೂ ಹಾಗೆಯೇ ಅಂದುಕೊಂಡರೆ ಬೇಸರವಿಲ್ಲ.

ಕೆಲವು ವರ್ಷಗಳ ಹಿಂದಿನ ಮಾತು. ಪರೇಲಿನ ಒಂದು ಸಂಶೋಧನಾ ಸಂಸ್ಥೆಯಲ್ಲಿ ಉಪ್ಪುನೀರಿನ ಸಿಗಡಿಯ ಮೊಟ್ಟೆಗಳ ಸಂಗ್ರಹ ನನ್ನ ಸುಪರ್ದಿಯಲ್ಲಿತ್ತು. ಉಪ್ಪಿನಗದ್ದೆಗಳಲ್ಲಿ ಸಿಗುವ ಈ ಮೊಟ್ಟೆಗಳು ಕಂದು ಬಣ್ಣದ ಸಣ್ಣ ರವೆಯಂತಿರುತ್ತವೆ. ಚೆನ್ನಾಗಿ ಒಣಗಿಸಿ, ಗಾಳಿಯಾಡದಂತೆ ತಂಪಿನಲ್ಲಿಟ್ಟರೆ ವರ್ಷಗಟ್ಟಲೆ ಜೀವ ಹಿಡಿದುಕೊಂಡಿರುತ್ತವೆ. ಉಪ್ಪುನೀರಿಗೆ ಹಾಕಿದರೆ ಮರುದಿನ ಮರಿಗಳು ಹೊರಬರುತ್ತವೆ. ಹೊಸ ಮರಿಗಳು ಬೆಳಕಿನ ಕಡೆಗೇ ಈಜುವುದರಿಂದ, ಬೀಕರಿನ ಒಂದು ಬದಿಗೆ ದೀಪವಿಟ್ಟು ಅವನ್ನು ಒಟ್ಟುಗೂಡಿಸುತ್ತೇವೆ.

ವಿಜಯಪುರದ ನಫೀಸಾ ನನ್ನ ನಂತರ ಸೇರಿದವಳು. ಅವಳು ನೀರಿಗೆ ಹಾಕಿದ ಮೊಟ್ಟೆಗಳು ಒಡೆಯದೆ ಉಳಿದದ್ದೇ ಇಲ್ಲ. ಕ್ಯಾಂಟೀನಿನವರೂ ಅವಳಿಗೆ ಕೇಳದೆಯೇ ಚಹಾ ಕೊಡುತ್ತಿದ್ದರು. ಹೊಟ್ಟೆಕಿಚ್ಚು ಎಂಬ ಮಾತನ್ನು ನಾನು ಯಾರ ಬಳಿಯೂ ಆಡಲಿಲ್ಲ, ಆದರೆ ನನ್ನಲ್ಲಿದ್ದದ್ದು ಅದೇ. ನಾನು ಒಣಗಿಸಿಟ್ಟ ಅತಿ ಹಳೆಯ ಡಬ್ಬಿಯ ಮೊಟ್ಟೆಗಳು ಒಡೆಯದಿದ್ದರೆ ಇಡೀ ಸಂಗ್ರಹವನ್ನು ನಫೀಸಾಗೆ ಒಪ್ಪಿಸುವುದಾಗಿ ನಮ್ಮ ಸರ್ ಹೇಳಿದ್ದರು.

ನೀರಿಗೆ ಹಾಕಿದ ಮರುದಿನ ಸಂಜೆಯಾದರೂ ಒಂದೂ ಮರಿಯಿಲ್ಲ. ಮನೆಗೆ ಹೊರಟಿದ್ದ ನಫೀಸಾ ಬಂದು, ದೀಪಕ್ಕೆ ಎದುರಿನ ಬದಿಯಲ್ಲಿ ಬಗ್ಗಿ ಬೀಕರನ್ನು ನೋಡಿದಳು.

“ಏ ಕೂಸುಗಳಾ, ಏಳ್ರಿ! ಎಷ್ಟ್ ಮಲಗ್ತೀರಿ? ಅಕ್ಕಾರು ಅಳಾಕತ್ತಾರ.”

“ನಾನೇನೂ ಅಳ್ತಿಲ್ಲ. ನಿಂಗೆ ಲೋಕಲ್ ಟ್ರೈನ್ ತಪ್ಪತ್ತೆ, ಹೋಗು.”

“ಹೊಂಟೆ ತಗೋರಿ. ಮಾರಿ ನೋಡ್ರಿ, ಮೆಣಸಿನಕಾಯಿ ತಿಂದಂಗ ಆಗೇತಿ!”

ಅವಳು ನಗುತ್ತಿದ್ದಾಗಲೇ ನೀರು ಕದಲಿತು. ಕಿತ್ತಳೆ ಬಣ್ಣದ ಮರಿಗಳು ತಳದಿಂದ ಎದ್ದವು. ದೀಪದ ಕಡೆ ಒಂದೂ ಬರಲಿಲ್ಲ. ಎಲ್ಲವೂ ಅವಳಿದ್ದ ಬದಿಯ ಗಾಜಿಗೆ ಒತ್ತಿಕೊಂಡವು. ದೀಪವನ್ನು ಸರಿಸಿದೆ; ಅವು ಸರಿಯಲಿಲ್ಲ.

“ಎದ್ದೇ ಬಿಟ್ಟಾವಲ್ರಿ ಅಕ್ಕಾರ!” ಎಂದು ನನ್ನ ಭುಜ ತಟ್ಟಿ, ನಫೀಸಾ ಮೇಜನ್ನು ಸುತ್ತಿಕೊಂಡು ಬಾಗಿಲಿಗೆ ನಡೆದಳು. ಗಾಜಿನೊಳಗೆ ಮರಿಗಳೂ ಅವಳ ಜೊತೆಗೇ ಸುತ್ತಿದವು. ಅವಳು ಹೋದ ಮೇಲೂ ಬಾಗಿಲ ಕಡೆಯ ಗಾಜನ್ನು ಬಿಡಲಿಲ್ಲ. ಯಾರೂ ಇಲ್ಲವೆಂದು ನೋಡಿಕೊಂಡು ನಾನೂ ಬಗ್ಗಿ ಮೆಲ್ಲಗೆ ಕರೆದೆ. ಒಂದೂ ತಿರುಗಲಿಲ್ಲ.

ಸಂಗ್ರಹ ನನ್ನ ಬಳಿಯೇ ಉಳಿಯಿತು. ಎಲ್ಲರಿಗಿಂತ ಮೊದಲು ಅಭಿನಂದಿಸಿದವಳು ನಫೀಸಾಳೇ. ನೀರಿನ ಶಾಖ, ಗಾಜಿನ ಹೊಳಪು, ಬಾಗಿಲಿನ ಬೆಳಕು ಎಲ್ಲವನ್ನೂ ಯೋಚಿಸಿ ನೋಡಿದ್ದೇನೆ, ಯಾವುದೂ ಹೊಂದುವುದಿಲ್ಲ. ಆಮೇಲೆ ಎಷ್ಟೋ ಸಲ ಅದೇ ಡಬ್ಬಿಯ ಮೊಟ್ಟೆಗಳನ್ನು ನೀರಿಗೆ ಹಾಕಿದ್ದೇನೆ, ಅವಳು ರಜೆಯಲ್ಲಿರುವಾಗ. ಮರಿಗಳು ನೇರ ದೀಪದ ಕಡೆಗೇ ಬರುತ್ತವೆ. ಅವಳಿರುವ ದಿನ ಒಮ್ಮೆ ಹಾಕಿ ನೋಡಿದರೆ ಬಹುಶಃ ಗೊತ್ತಾಗಿಬಿಡುತ್ತದೆ. ಅದನ್ನು ಮಾತ್ರ ಇನ್ನೂ ಮಾಡಿಲ್ಲ.