ಪೆಟ್ರೋಲ್ ಟಾಕಿಗೆ ಡಾಂಬರು ಗುಳಿಗೆ

ಫೋರ್ಟಿನ ಬ್ಯಾಂಕೊಂದರಲ್ಲಿ ಗುಮಾಸ್ತನಾಗಿದ್ದ ನಾನು ಆಗ ವಡಾಲದ ಸೋದರಮಾವನ ಮನೆಯಲ್ಲಿದ್ದೆ. ಮಾವನಿಗೆ ಫೋರ್ಟಿನಲ್ಲೊಂದು ಉಡುಪಿ ಹೋಟೆಲಿತ್ತು, ಜೊತೆಗೆ ಯುದ್ಧಕ್ಕೂ ಮೊದಲಿನ ಒಂದು ಮೋಟಾರು. ಬೆಳಿಗ್ಗೆ ಅದನ್ನು ಹೊರಡಿಸುವುದೆಂದರೆ ಕುಂಭಕರ್ಣನನ್ನು ಎಬ್ಬಿಸಿದ ಹಾಗೆ. ಇಂಜಿನ್ನಿನ ಮುಂದೆ ಸಿಕ್ಕಿಸುವ ಹ್ಯಾಂಡಲ್ ತಿರುಗಿಸಿ ತಿರುಗಿಸಿ ನನ್ನ ಅಂಗಿಗಳೆಲ್ಲ ಕಂಕುಳಲ್ಲಿ ಹರಿದಿದ್ದವು.

ಹೋಟೆಲಿಗೆ ಊಟಕ್ಕೆ ಬರುತ್ತಿದ್ದ ಧಾರವಾಡದ ವ್ಯಾಪಾರಿಯೊಬ್ಬರು ಒಂದು ದಿನ ಗಲ್ಲಾದ ಮೇಲೆ ಬಿಳಿ ಗುಳಿಗೆಗಳ ಶೀಶೆ ಇಟ್ಟರು.

"ಪೆಟ್ರೋಲ್ ಟಾಕಿಯೊಳಗ ಒಂದು ಹಾಕಿ ನೋಡ್ರಿ. ಮುದಿ ಇಂಜಿನ್‌ಗೆ ಹರೇ ಬರ್ತದ."

ಮರುದಿನ ಗಾಡಿ ಹ್ಯಾಂಡಲ್ ಮುಟ್ಟಿದೊಡನೆ ಹೊರಟಿತು. ಆಮೇಲೆ ಇಡ್ಲಿ ತಿನ್ನಲು ಬಂದವರೆಲ್ಲ ಗುಳಿಗೆಯ ಮಹಿಮೆ ಕೇಳಿಯೇ ಹೋಗಬೇಕಾಯಿತು. ಅತ್ತೆ ಮಾತ್ರ, "ಸೆಕೆ ಉಂಟಲ್ಲ, ಅದಕ್ಕೆ ಹೊರಟದ್ದು" ಎಂದರು.

ಆ ಭಾನುವಾರ ವಿಲೆ ಪಾರ್ಲೆಯಲ್ಲಿ ನನಗೆ ಹೆಣ್ಣು ನೋಡುವುದಿತ್ತು. ದೂರದ ದಾರಿಯೆಂದು ಮಾವ ಒಂದು ಮುಷ್ಟಿ ಗುಳಿಗೆ ಸುರಿದರು. ಮಾಹಿಮ್ ತಲುಪುವಷ್ಟರಲ್ಲಿ ಗಾಡಿ ಕೆಮ್ಮಿ ಕೆಮ್ಮಿ ನಿಂತೇಬಿಟ್ಟಿತು. ಅತ್ತೆ ಶೀಶೆಯನ್ನು ಮೂಸಿದರು, ಆಮೇಲೆ ತಮ್ಮ ರೇಷ್ಮೆ ಸೀರೆಯ ಸೆರಗನ್ನು ಮೂಸಿದರು.

"ಇದು ಡಾಂಬರು ಗುಳಿಗೆ ಮಾರಾಯ್ರೆ! ನುಸಿ ಬಾರದ ಹಾಗೆ ನಾನು ಸೀರೆ ಪೆಟ್ಟಿಗೆಯಲ್ಲಿ ಇಡುವುದು ಇದನ್ನೇ."

"ಹಾಗಾದರೆ ಇಂಜಿನ್ನಿಗೂ ನುಸಿ ಬರುವುದಿಲ್ಲ," ಎಂದರು ಮಾವ, ಒಂದಿಷ್ಟೂ ನಗದೆ.

ಗಾಡಿಯನ್ನು ಹತ್ತಿರದ ಗ್ಯಾರೇಜಿಗೆ ತಳ್ಳಿ ನಾವು ಲೋಕಲ್ ರೈಲು ಹಿಡಿದೆವು. ಬಾಗಿಲು ತೆರೆದ ಹುಡುಗಿಯ ತಂದೆ ನಮ್ಮ ವಾಸನೆ ಹಿಡಿದು ಅರಳಿಬಿಟ್ಟರು.

"ನೀವೂ ಅದೇ ಗುಳಿಗೆಯಾ? ಒಂದು ಹಾಕ್ತೀರೋ, ಎರಡೋ?"

ಅಲ್ಲಿಗೆ ನನ್ನ ಸಂಬಳ, ಗೋತ್ರ, ಜಾತಕ ಯಾವುದನ್ನೂ ಯಾರೂ ಕೇಳಲಿಲ್ಲ. ಉಪ್ಪಿಟ್ಟು ಆರಿಹೋಯಿತು. ಗುಳಿಗೆಯ ಗುಣ ತೋರಿಸುತ್ತೇನೆಂದು ಅವರು ಎಲ್ಲರನ್ನೂ ಕೆಳಗೆ ತಮ್ಮ ಹಳೇ ಗಾಡಿಯ ಬಳಿಗೆ ಕರೆದೊಯ್ದರು. ಅದು ಹೊರಡಲಿಲ್ಲ.

"ಸ್ವಲ್ಪ ತಳ್ಳಿ. ಗುಳಿಗೆ ಕರಗ್ಲಿಕ್ಕೆ ಅಲುಗಾಟ ಬೇಕು," ಎಂದರು ನನಗೆ.

ಹುಡುಗಿ ದಿನಾ ಮಾಡುವ ಕೆಲಸವೆಂಬಂತೆ ಹೋಗಿ ಸ್ಟಿಯರಿಂಗ್ ಹಿಡಿದು ಕೂತಳು. ನಾನು ತಳ್ಳಿದೆ. ರಸ್ತೆಯ ಅರ್ಧದಲ್ಲಿ ಅವಳು ಕಿಟಕಿಯಿಂದ ತಲೆ ಹೊರಹಾಕಿದಳು.

"ನಿಮ್ಮ ಮಾವನಿಗೂ ಹೀಗೇ ಹುಚ್ಚುಂಟಾ?"

"ಉಂಟು," ಎಂದೆ ಏದುಸಿರು ಬಿಡುತ್ತ.

"ಹಾಗಾದ್ರೆ ನಿಮಗೆ ಅಭ್ಯಾಸ ಉಂಟು. ಇನ್ನೂ ಜೋರಾಗಿ ತಳ್ಳಿ."

ನನಗೆ ಹುಡುಗಿ ಒಪ್ಪಿಗೆಯಾದದ್ದು ಆ ಕ್ಷಣದಲ್ಲಿ. ಗಾಡಿಯನ್ನು ಮರಳಿ ತಳ್ಳಿಕೊಂಡು ಬರುವಾಗ ಹಿರಿಯರ ಮಾತುಕತೆಯೂ ಮುಗಿದಿತ್ತು.

ಗ್ಯಾರೇಜಿನವನು ಪೈಪಿನಲ್ಲಿ ಸಿಕ್ಕಿಕೊಂಡಿದ್ದ ಗುಳಿಗೆಯ ಚೂರು ತೆಗೆದು ಟಾಕಿ ತೊಳೆದುಕೊಟ್ಟ. ಗುಳಿಗೆ ಹಾಕಿದರೂ ಹಾಕದಿದ್ದರೂ ಮಾವನ ಗಾಡಿ ಮೊದಲಿನಂತೆಯೇ ಕೆಮ್ಮುತ್ತ ಓಡಿತು. ಆದರೂ ಬೀಗರಿಬ್ಬರೂ ಒಂದೋ ಎರಡೋ ಎಂದು ಮದುವೆ ಮಂಟಪದಲ್ಲೂ ವಾದ ಮಾಡುತ್ತಿದ್ದರು. ಪುರೋಹಿತರು ಮಂತ್ರ ನಿಲ್ಲಿಸಿದರು. ಗದರುತ್ತಾರೆಂದುಕೊಂಡೆ.

"ಮೋಟಾರ್ ಸೈಕಲ್ಲಿಗಾದ್ರೆ ಅರ್ಧ ಸಾಕಾ?" ಎಂದು ಕೇಳಿದರು.